ಯಾವ ಎಂಟು?

ಹೋದ ಮಳೆಗಾಲದ ಒಂದು ರಾತ್ರಿ ಬೈಕಿನಿಂದ ಬಿದ್ದ ಹುಡುಗನೊಬ್ಬನನ್ನು ನಮ್ಮ ಐಸಿಯುಗೆ ತಂದರು. ಹೆಲ್ಮೆಟ್ ಇರಲಿಲ್ಲ. ಮುಖ ಊದಿಕೊಂಡು ಕಣ್ಣು ಎರಡೂ ಮುಚ್ಚಿಹೋಗಿದ್ದವು. ನಮ್ಮಲ್ಲಿ ನ್ಯೂರೋಸರ್ಜನ್ ಇಲ್ಲ. ಟ್ಯೂಬ್ ಹಾಕಿ, ವೆಂಟಿಲೇಟರ್‌ಗೆ ಸೇರಿಸಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ.

"ಟ್ಯೂಬ್ ಹಾಕೋಕೆ ಮುಂಚೆ ಜಿಸಿಎಸ್ ಎಂಟು ಇತ್ತು" ಅಂದೆ. ರೋಗಿಗೆ ಎಷ್ಟು ಎಚ್ಚರ ಇದೆ ಅಂತ ಅಂಕದಲ್ಲಿ ಹೇಳುವ ಅಳತೆ ಅದು, ಗ್ಲಾಸ್ಗೋ ಕೋಮಾ ಸ್ಕೇಲ್.

ಆ ಕಡೆಯಿಂದ ತಣ್ಣಗಿನ ದನಿ: "ಯಾವ ಎಂಟು ಮೇಡಂ?"

ನನಗೆ ಹೇಳಲು ಆಗಲಿಲ್ಲ. ಚಾರ್ಟ್‌ನಲ್ಲಿ ಬರೀ 8 ಅಂತಿತ್ತು. ಬರೆದವಳು ನಾನೇ. ಅರಿವಳಿಕೆ ವೈದ್ಯೆಯಾಗಿ ಹದಿನಾರು ವರ್ಷ, ಅದರಲ್ಲಿ ಒಂಬತ್ತು ವರ್ಷ ಐಸಿಯು ನೋಡಿಕೊಂಡವಳು.

ಹಾಗಂತ ಆ ನಾಚಿಕೆಯಿಂದಲೇ ಕಲಿಯಲು ಹೊರಟೆ ಅಂದರೆ ಸುಳ್ಳಾಗುತ್ತದೆ. ನಮಗೆ ಐದು ವರ್ಷಕ್ಕೆ 30 ಗಂಟೆ ಸಿಎಂಇ, ಅಂದರೆ ಡಾಕ್ಟರಾದ ಮೇಲೂ ಮುಂದುವರಿಸಬೇಕಾದ ಕಲಿಕೆ, ಆಗಬೇಕು. ನನ್ನದು ಇನ್ನೂ ಬಾಕಿ ಇತ್ತು. ಆನ್‌ಲೈನ್ ಸಿಎಂಇ ಹಾಕಿಕೊಂಡು ಬೀನ್ಸ್ ಹೆಚ್ಚಿದ್ದೂ ಉಂಟು. ಈ ಸಲ ನ್ಯೂರೋ ಐಸಿಯು ಕಾರ್ಯಾಗಾರ ಅಂತ ಮೆಸೇಜ್ ಬಂತು. ಭಾನುವಾರ, ಬೆಂಗಳೂರು. ದಾವಣಗೆರೆಯಿಂದ ರಾತ್ರಿ ಬಸ್ ಹತ್ತಿದೆ. "ಪೆನ್ನು, ಬ್ಯಾಗು ತಗೊಂಡು ಊಟ ಮಾಡ್ಕೊಂಡು ಬಾ" ಅಂತ ನಮ್ಮೆಜಮಾನ್ರು ನಕ್ಕರು.

ಪೆನ್ನೂ ಇರಲಿಲ್ಲ, ಬ್ಯಾಗೂ ಇರಲಿಲ್ಲ. ಕುರ್ಚಿಗಳೂ ಕಡಿಮೆ. ನಾಲ್ಕು ಮೂಲೆಯಲ್ಲಿ ನಾಲ್ಕು ಮಂಚ. ಹಾಜರಿ ಸಂಜೆಗೆ ಅಂತ ಮೊದಲೇ ಹೇಳಿಬಿಟ್ಟರು. ಊಟ ಮುಗಿಸಿ ಜಾರಿಕೊಳ್ಳುವವರ ಮುಖ ನೋಡಬೇಕಿತ್ತು!

ಮೊದಲ ಮಂಚದ ಹತ್ತಿರ ಇದ್ದವರು ಡಾಕ್ಟರ್ ಅಲ್ಲ, ನ್ಯೂರೋ ಐಸಿಯುನಲ್ಲಿ ತಲೆ ನರೆಸಿಕೊಂಡ ಸಿಸ್ಟರ್ ಒಬ್ಬರು. ಒಂದು ವಿಡಿಯೋ ತೋರಿಸಿ, ಜಿಸಿಎಸ್ ಎಷ್ಟು ಅಂತ ಚೀಟಿಯಲ್ಲಿ ಬರೆಯಿರಿ ಅಂದರು. ನಾವು ಎಂಟು ಜನ. ಚೀಟಿ ಬಿಡಿಸಿದರೆ 6ರಿಂದ 9ರವರೆಗೆ ಎಲ್ಲಾ ಇದ್ದವು. ಯಾರೂ ನಗಲಿಲ್ಲ.

ಗ್ಲಾಸ್ಗೋ ಊರಿನ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ಮಾಡಿದ ಅಳತೆ ಇದು. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಅಲುಗಾಟಕ್ಕೆ 6. ಒಟ್ಟು 15. ಏನೂ ಇಲ್ಲದಿದ್ದರೂ 3 ಸಿಗುತ್ತದೆ. ಎಂಬಿಬಿಎಸ್‌ನಲ್ಲೇ ಬಾಯಿಪಾಠ ಆಗಿರುತ್ತದೆ. ಸಿಸ್ಟರ್ ಬೋರ್ಡಿನ ಮೇಲೆ ಎರಡು ಸಾಲು ಬರೆದರು. ಒಬ್ಬ ಕಣ್ಣು ತೆರೆಯಲ್ಲ, ನರಳುತ್ತಾನೆ, ಆದರೆ ಹುಬ್ಬಿನ ಹತ್ತಿರ ಒತ್ತಿದರೆ ಕೈ ಅಲ್ಲಿಗೇ ಬರುತ್ತದೆ: 1, 2, 5. ಇನ್ನೊಬ್ಬ ಕಣ್ಣು ಬಿಟ್ಟುಕೊಂಡೇ ಇದ್ದಾನೆ, ಬಾಯಿಂದ ಸದ್ದಿಲ್ಲ, ಒತ್ತಿದರೆ ಕೈ ವಿಚಿತ್ರವಾಗಿ ಮಡಚಿಕೊಳ್ಳುತ್ತದೆ: 4, 1, 3. ಕೂಡಿದರೆ ಎರಡೂ ಎಂಟು.

"ಇಬ್ಬರೂ ಒಂದೇನಾ ಡಾಕ್ಟ್ರೇ?"

ಕಾಗದದ ಮೇಲೆ ಎರಡನೆಯವನ ಕಣ್ಣಿಗೆ ಪೂರಾ ಅಂಕ. ಒಳಗೆ ಪೆಟ್ಟು ಜಾಸ್ತಿ ಇರುವುದು ಅವನಿಗೇ.

ಆಮೇಲೆ ಇನ್ನೊಂದು ಮಾತು. ಕಣ್ಣು ಊದಿ ಮುಚ್ಚಿದ್ದರೆ 1 ಅಂತ ಹಾಕಬಾರದು. ಅದು 'ತೆರೆಯಲಿಲ್ಲ' ಅಲ್ಲ, 'ನೋಡಲು ಆಗಲಿಲ್ಲ'. ಹಾಗೇ ಬರೆಯಬೇಕು, ಒಟ್ಟು ಹೇಳಲೇಬಾರದು. 2014ರಲ್ಲೇ ಇದನ್ನು ತಿದ್ದಿ ಹೇಳಿದ್ದಾರಂತೆ. ನನ್ನ ಹುಡುಗನ ಎಂಟು ಎಂಟೇ ಆಗಿರಲಿಲ್ಲ. ನೋವಿಗೆ ಅಲುಗುತ್ತಾನಾ ಅಂತ ನೋಡಲು ಎದೆಮೂಳೆ ಗಸಗಸ ಉಜ್ಜುವುದೂ ಬೇಡ, ಹುಬ್ಬಿನ ಕೆಳಗಿನ ಕಚ್ಚು ಒತ್ತಿ ಅಥವಾ ಹೆಗಲ ಸ್ನಾಯು ಹಿಂಡಿ ಅಂದರು. ನನ್ನ ಹೆಗಲನ್ನೇ ಹಿಂಡಿ ತೋರಿಸಿದರು. ಸಂಜೆವರೆಗೂ ನೋವಿತ್ತು.

ಫಿಟ್ಸ್ ಮಂಚದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ, ಆದರೆ ಅಲ್ಲೂ ಒಂದು ಏಟು ಬಿತ್ತು. ಐದು ನಿಮಿಷ ದಾಟಿದರೆ ಕಾಯುವಂತಿಲ್ಲ. ಫಿಟ್ಸ್ ನಿಲ್ಲಿಸುವ ಲೊರಾಜೆಪಾಮ್ ದೊಡ್ಡವರಿಗೆ 4 ಮಿಲಿಗ್ರಾಂ. ನಾವು ಹೆದರಿಕೊಂಡು 2 ಕೊಟ್ಟು ನೋಡುತ್ತಾ ನಿಲ್ಲುತ್ತೇವೆ. ಉಸಿರು ನಿಂತೀತು ಅನ್ನೋ ಭಯ. ನಿಲ್ಲದ ಫಿಟ್ಸ್‌ನಿಂದಲೇ ಉಸಿರು ಕೆಡೋದು ಹೆಚ್ಚು ಅಂತ ಅಲ್ಲಿದ್ದ ಹುಡುಗ ಹೇಳಿದ. ಹುಡುಗ ಅಂದೆ, ಎಂಡಿ ಆದ ಮೇಲೆ ಓದುವ ಡಿಎಂ ಕೂಡ ಮುಗಿಸಿದ ಡಾಕ್ಟರ್. ನನಗೆ ಈಗ ಎಲ್ಲರೂ ಹುಡುಗರೇ.

ಅದೇ ಹುಡುಗ ಊಟದ ನಂತರ ಹೆಗಲಿಗೆ ಟವೆಲ್ ಹಾಕಿಕೊಂಡು ಕುಳಿತ. ಈಗ ಅವನು ರೋಗಿಯ ಅಣ್ಣ, ಮಂಡ್ಯ ಕಡೆಯವನು. ತಮ್ಮನ ಮಿದುಳು ಸತ್ತಿದೆ ಅಂತ ನಾನು ತಿಳಿಸಬೇಕು. 1994ರ ಅಂಗಾಂಗ ಕಸಿ ಕಾಯ್ದೆ ಪ್ರಕಾರ ನಾಲ್ವರು ವೈದ್ಯರು, ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಆಗಿದೆ ಅಂದುಕೊಳ್ಳಿ.

"ನಿಮ್ಮ ತಮ್ಮನ ಮಿದುಳು ನಿಷ್ಕ್ರಿಯ ಆಗಿದೆ" ಅಂದೆ. ಪೇಪರಿನಲ್ಲಿ ಹಾಗೇ ಬರೆಯುತ್ತಾರಲ್ವಾ.

"ಅಂದ್ರೆ?"

"ಕೆಲಸ ನಿಲ್ಲಿಸಿದೆ."

"ನಮ್ ಬೋರ್‌ವೆಲ್ ಮೋಟ್ರೂ ನಿಂತೋಗಿತ್ತು ಮೇಡಂ. ವೈಂಡಿಂಗ್ ಮಾಡಿಸಿದ್ವಿ, ಸರಿ ಹೋಯ್ತು."

ಯಾರೋ ಕಿಸಕ್ಕಂದರು. ನಾನು ಬೆವರುತ್ತಿದ್ದೆ. "ಹೃದಯ ಬಡೀತಾ ಇದೆ, ಆದ್ರೆ..." ಅಂದೆ.

"ಬಡೀತಾ ಇದ್ರೆ ಜೀವ ಐತೆ ತಾನೆ?"

ಇಷ್ಟು ವರ್ಷ ಎಷ್ಟು ಮನೆಯವರಿಗೆ ಆ 'ನಿಷ್ಕ್ರಿಯ' ಹೇಳಿ ಕಳಿಸಿದ್ದೇನೋ. ಸುಮ್ನೆ ತಲೆ ಅಲ್ಲಾಡಿಸಿ ಹೊರಗೆ ಹೋದವರು ಬೆಂಚಿನ ಮೇಲೆ ಕೂತು ಏನು ಅಂದುಕೊಂಡಿರಬಹುದು? ಅದು ಸಾವಿನ ಮಾತು ಅಂತ ಹೇಳದೆ ತಪ್ಪಿಸಿಕೊಳ್ಳಲು ನನಗೆ ಸಿಕ್ಕಿದ್ದ ಪದ ಅದು.

ಸಿಸ್ಟರ್ ಬಂದು ನನ್ನ ಕುರ್ಚಿಯಲ್ಲಿ ಕೂತರು. ಟವೆಲ್ ಹುಡುಗನ ಕಡೆ ಸ್ವಲ್ಪ ಬಾಗಿದರು. "ನಿಮ್ಮ ತಮ್ಮ ತೀರಿಕೊಂಡಿದ್ದಾರೆ ಅಣ್ಣಾ." ಅಷ್ಟೇ. ಬಾಯಿ ಮುಚ್ಚಿ ಕೂತರು. ತುಂಬಾ ಹೊತ್ತು ಅನ್ನಿಸಿತು. ಆಮೇಲೆ ಹೇಳಿದರು: "ಆಮ್ಲಜನಕ ಕೊಡ್ತಾನೇ ಮಷಿನ್ ಬಿಡಿಸಿ ನೋಡಿದ್ವಿ. ಎದೆ, ಹೊಟ್ಟೆ ನೋಡ್ತಾ ನಿಂತಿದ್ವಿ. ಒಂದು ಉಸಿರೂ ತಗೊಳ್ಳಲಿಲ್ಲ. ಈಗ ಎದೆ ಏಳ್ತಿರೋದು ಮಷಿನ್ ಗಾಳಿಯಿಂದ. ಆ ಗಾಳಿ ಇರೋದ್ರಿಂದ ಹೃದಯ ಇನ್ನೂ ಸ್ವಲ್ಪ ಹೊತ್ತು ಬಡಿಯುತ್ತೆ."

ಟವೆಲ್ ಹುಡುಗನಿಗೆ ಮುಂದಿನ ಪ್ರಶ್ನೆ ಹೊಳೆಯಲಿಲ್ಲ. ಅಂಗಾಂಗ ದಾನದ ಮಾತು ಇವತ್ತು ಇದೇ ಉಸಿರಿನಲ್ಲಿ ಎತ್ತಬೇಡಿ, ಅವರು ಮೊದಲು ಅಳಲಿ ಅಂತ ಸಿಸ್ಟರ್ ನಮಗೆ ಹೇಳಿದರು.

ವಾಪಸ್ ಬಸ್ಸಿನಿಂದ ಐಸಿಯುಗೆ ಫೋನ್ ಮಾಡಿ, ನಾಳೆಯಿಂದ ಜಿಸಿಎಸ್ ಖಾನೆಯಲ್ಲಿ ಮೂರು ಗೆರೆ ಎಳೆಯಿರಿ ಅಂದೆ. ಹೊಸ ಚಾರ್ಟ್ ಪ್ರಿಂಟ್ ಆಗಿ ಬರಲು ಹೇಗೂ ತಿಂಗಳು ಬೇಕು. ತುಮಕೂರು ದಾಟಿದ ಮೇಲೆ ನಿದ್ದೆ ಬರಲಿಲ್ಲ. ಸಿಸ್ಟರ್ ಹೇಳಿದ ಆ ಒಂದು ಸಾಲು ಹೇಳಿ, ಬಾಯಿ ಮುಚ್ಚಿ ಕೂರುವುದನ್ನು ಅಭ್ಯಾಸ ಮಾಡುತ್ತಿದ್ದೆ. ದನಿ ಹೊರಗೆ ಬಂದಿದ್ದು ಗೊತ್ತಾಗಲಿಲ್ಲ.

ಪಕ್ಕದ ಸೀಟಿನ ಅಜ್ಜಿ ಮೆಲ್ಲಗೆ ಕೈ ಮುಟ್ಟಿದರು. "ಯಾರವ್ವಾ ತೀರ್ಕೊಂಡಿದ್ದು?"