ಮಿಷನ್ ಹೊತ್ತು, ಓದುವ ಹೊತ್ತು

ಇದು 2020ರ ಜೂನ್. ಗುರುವಾರ, ಜೂನ್ 25ಕ್ಕೆ ನನ್ನ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರು. ಮಾರ್ಚ್ 27ಕ್ಕೇ ಆಗಬೇಕಿತ್ತು, ಕೊರೋನಾದಿಂದ ಮುಂದಕ್ಕೆ ಹೋಯಿತು. ಈ ಮೂರು ತಿಂಗಳು ನಮ್ಮ ಮನೆ ಹೇಗೆ ನಡೆಯಿತು ಅಂತ ಪರೀಕ್ಷೆಗೆ ಮೊದಲೇ ಬರೆದಿಡುತ್ತಿದ್ದೇನೆ. ಎಲ್ಲಾ ಮುಗಿದ ಮೇಲೆ ಬರೆದರೆ ಪಟ್ಟ ಕಷ್ಟ ಸಣ್ಣದಾಗಿ ಕಾಣುತ್ತದೆ.

ನಾವಿರುವುದು ಬಳ್ಳಾರಿಯ ಕೌಲ್‌ಬಜಾರ್ ಕಡೆ. ಎರಡು ಕೋಣೆ, ಮೇಲೆ ಮಾಳಿಗೆ. ನಾನು ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಬಳ್ಳಾರಿ ಜೀನ್ಸ್ ಅಂದರೆ ಎಲ್ಲಾ ಒಂದೇ ದೊಡ್ಡ ಫ್ಯಾಕ್ಟರಿಯಲ್ಲಿ ಆಗುತ್ತದೆ ಅಂದುಕೊಂಡವರು ಜಾಸ್ತಿ. ಇಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಕಾಜಾ ಗುಂಡಿ ಮತ್ತೊಂದು ಕಡೆ, ವಾಷಿಂಗ್ ಬೇರೆ. ದಾರ ಕತ್ತರಿಸೋಕೆ ಮನೆಮನೆಗೆ ಗಂಟು ಬರುತ್ತದೆ. ನಡುವೆ ಒಬ್ಬರು ನಿಂತರೆ ಎಲ್ಲರೂ ನಿಂತ ಹಾಗೆ. ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೇ ನಿಂತರು.

ಹಾಗಾಗಿ ‘ಮನೆಯಲ್ಲೇ ಇರಿ’ ಅನ್ನುವುದು ನನಗೆ ಹೊಸ ಮಾತಲ್ಲ. ನಾನು ವರ್ಷಗಳಿಂದ ಇರುವುದೇ ಹಾಗೆ. ಉಳಿದವರೂ ಮನೆಯಲ್ಲೇ ಉಳಿದರಲ್ಲ, ಅದು ಹೊಸದು. ನಮ್ಮ ಯಜಮಾನರು ಆಟೋ ಓಡಿಸುತ್ತಾರೆ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೇ ಬರುತ್ತಿದ್ದದ್ದು. ಮಗಳು ಶಾಲೆಗೆ, ಮಗ ಗೆಳೆಯರ ಜೊತೆ ಬೀದಿಗೆ, ಅತ್ತೆ ಕಟ್ಟೆಗೆ. ಹಗಲು ಮನೆ ಪೂರ್ತಿ ನನ್ನದು, ನನ್ನ ಮಿಷನ್‌ದು. ಮಾರ್ಚ್ 25, ಯುಗಾದಿ ದಿನ. 21 ದಿನದ ಲಾಕ್‌ಡೌನ್‌ಗೂ ಅದೇ ಮೊದಲ ದಿನ. ಬೇವು ಬೆಲ್ಲ ತಿಂದು ಐದೂ ಜನ ಒಂದೇ ಫ್ಯಾನಿನ ಕೆಳಗೆ ಕೂತೆವು. ಸಂಜೆಯಾದರೂ ಯಾರೂ ಎಲ್ಲಿಗೂ ಹೋಗಲಿಲ್ಲ.

ಮೊದಲ ವಾರ ಜಗಳ, ಎಲ್ಲಾ ಸದ್ದಿನ ಸಲುವಾಗಿ. ಟಿವಿಯಲ್ಲಿ ಅತ್ತೆಯ ರಾಮಾಯಣ, ಮಗನ ಮೊಬೈಲ್, ನನ್ನ ಮಿಷನ್. ನಡುವೆ ಮಗಳು ಕಿವಿ ಮುಚ್ಚಿಕೊಂಡು ಗಣಿತ ಮಾಡುತ್ತಿದ್ದಳು. ಪರೀಕ್ಷೆ ಮುಂದಕ್ಕೆ ಹೋಗಿದೆ ಅಂತ ಗೊತ್ತು, ಯಾವಾಗ ಅಂತ ಗೊತ್ತಿಲ್ಲ. ದಿನಾಂಕವೇ ಇಲ್ಲದ ಪರೀಕ್ಷೆಗೆ ಓದುವುದು ದೊಡ್ಡವರಿಗೂ ಆಗದ ಕೆಲಸ. ಒಂದು ರಾತ್ರಿ ಅವಳೇ ಹಳೇ ಕ್ಯಾಲೆಂಡರ್ ಹಿಂದೆ ಗೆರೆ ಹಾಕಿ ಬರೆದಳು: ಮಿಷನ್ ಹೊತ್ತು, ಓದುವ ಹೊತ್ತು, ಟಿವಿ ಹೊತ್ತು. ಜಾಗ ಹಂಚಿಕೊಳ್ಳೋಣ ಅಂದರೆ ಜಾಗವೇ ಇಲ್ಲ, ಹೊತ್ತನ್ನಾದರೂ ಹಂಚಿಕೊಳ್ಳೋಣ ಅಂದಳು. ಅದನ್ನು ಗೋಡೆಗೆ ಅಂಟಿಸಿದ ಮೇಲೆ ಮನೆ ಒಂದು ಹದಕ್ಕೆ ಬಂತು. ನಸುಕಿನಲ್ಲಿ ಅವಳು ಮಾಳಿಗೆ ಮೇಲೆ ಓದುವುದು. ಬಿಸಿಲೇರಿದ ಮೇಲೆ ಅಲ್ಲಿ ಕಾಲಿಡೋಕೂ ಆಗಲ್ಲ. ಆಗ ಅವಳು ಕೆಳಗೆ ಬಂದು ನನಗೆ ಮಿಷನ್ ಬಿಟ್ಟುಕೊಡುವಳು. ಮಧ್ಯಾಹ್ನ ಮಿಷನ್ ಬಂದ್. ಏಪ್ರಿಲ್ ಕೊನೆಯಿಂದ ಚಂದನದಲ್ಲಿ ಎಸ್ಸೆಸ್ಸೆಲ್ಸಿಯವರಿಗೆ ಪಾಠ ಶುರುವಾಯಿತು. ಆ ಹೊತ್ತು ಟಿವಿ ಅವಳದು. ಅತ್ತೆಯೂ ಪಕ್ಕದಲ್ಲಿ ಕೂತು ವಿಜ್ಞಾನ ಕೇಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ನೀರು. ಪದೇ ಪದೇ ಸೋಪು ಹಚ್ಚಿ ಕೈ ತೊಳೆಯಿರಿ ಅಂತ ಫೋನ್ ಮಾಡಿದಾಗೆಲ್ಲ ಕೇಳಿಸುತ್ತಿತ್ತು. ಮಾತು ಸರಿ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಆದರೆ ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಡ್ರಮ್, ಕೊಡ, ಬಕೆಟ್ ಎಲ್ಲಾ ತುಂಬಿಟ್ಟು, ಮುಂದಿನ ಸಲ ಬರುವ ತನಕ ಅದರಲ್ಲೇ ಕುಡಿಯಬೇಕು, ಅಡುಗೆ ಮಾಡಬೇಕು, ಬಟ್ಟೆ ಒಗೆಯಬೇಕು. ಅದರಲ್ಲೇ ಐದು ಜನ ಹೊರಗೆ ಹೋಗಿ ಬಂದಾಗೆಲ್ಲ ಕೈ ತೊಳೆಯಬೇಕು ಅಂದರೆ? ಚೊಂಬಿನಿಂದ ಸುರಿದುಕೊಂಡರೆ ಒಂದು ಸಲಕ್ಕೆ ಒಂದು ಚೊಂಬು ಖಾಲಿ. ಅದೂ ಸೋಪಿನ ಕೈಯಲ್ಲೇ ಚೊಂಬು ಹಿಡಿಯಬೇಕು.

ನಮ್ಮ ಯಜಮಾನರು ಒಂದು ಹಳೇ ಎಣ್ಣೆ ಕ್ಯಾನಿನ ಬುಡಕ್ಕೆ ಕಾದ ಮೊಳೆಯಿಂದ ತೂತು ಮಾಡಿ, ಸಣ್ಣ ಪ್ಲಾಸ್ಟಿಕ್ ನಲ್ಲಿ ಕೂರಿಸಿದರು. ಸೋರದಂತೆ ಸುತ್ತ ಎಂ-ಸೀಲ್ ಮೆತ್ತಿ ಬಾಗಿಲ ಪಕ್ಕದ ಕಟ್ಟೆ ಮೇಲೆ ಇಟ್ಟರು. ನಲ್ಲಿಯನ್ನು ಕೊಂಚವೇ ತಿರುಗಿಸಿದರೆ ದಾರದಷ್ಟು ಸಣ್ಣಗೆ ನೀರು ಬರುತ್ತದೆ. ಕೈ ಒದ್ದೆ ಮಾಡಿ ನಿಲ್ಲಿಸು, ಸೋಪು ಉಜ್ಜು, ಮತ್ತೆ ಬಿಡು. ಒಂದು ಚೊಂಬು ನೀರಿನಲ್ಲಿ ಈಗ ಮೂವರ ಕೈ ಆಗುತ್ತದೆ. ಕೆಳಗೆ ಟಬ್ ಇಟ್ಟಿದ್ದೇವೆ, ಆ ಸೋಪಿನ ನೀರು ಪಾಯಿಖಾನೆಗೆ. ಪಕ್ಕದ ಮನೆಯ ಖಾಲಾ ನೋಡಿ ತಮಗೂ ಒಂದು ಮಾಡಿಸಿಕೊಂಡರು. ರಂಜಾನ್‌ನಲ್ಲಿ ನಮಾಜನ್ನೂ ಮನೆಯಲ್ಲೇ ಮಾಡುತ್ತಿದ್ದರಲ್ಲ, ನಮಾಜಿಗೆ ಮುಂಚೆ ಕೈ ಕಾಲು ಮುಖ ತೊಳೆಯುವ ವುಜೂಗೂ ಅದೇ ಕ್ಯಾನ್. ಕೊರೋನಾ ಹೋದ ಮೇಲೂ ಅದು ಆ ಕಟ್ಟೆ ಮೇಲೇ ಇರಲಿ ಅಂತ ನನ್ನ ಆಸೆ.

ಇನ್ನು ಮಾಸ್ಕ್. ಏಪ್ರಿಲ್‌ನಲ್ಲಿ ನನ್ನ ಹತ್ತಿರ ಅರ್ಧ ಹೊಲಿದ ಪ್ಯಾಂಟಿನ ಗಂಟುಗಳಿದ್ದವು, ಜೊತೆಗೆ ಪಾಕೆಟಿಂಗ್ ಬಟ್ಟೆ. ಅಂದರೆ ಪ್ಯಾಂಟಿನ ಜೇಬಿನ ಒಳಗೆ ಹಾಕುವ ಬಿಳಿ ಬಟ್ಟೆ. ಜೀನ್ಸ್ ಬಟ್ಟೆ ಮುಖಕ್ಕೆ ಕಟ್ಟಿದರೆ ಉಸಿರಾಡೋಕೆ ಆಗಲ್ಲ. ಈ ಬಟ್ಟೆ ತೆಳು, ನೇಯ್ಗೆ ಮಾತ್ರ ಬಿಗಿ. ಕೆಲಸ ಕೊಡುವವರಿಗೆ ಫೋನ್ ಮಾಡಿ ಕೇಳಿದೆ, ಬಳಸಮ್ಮಾ ಅಂದರು. ಪ್ಯಾಂಟಿಗೆ ಹಾಕುವ 18ನೇ ನಂಬರ್ ಸೂಜಿ ಇದಕ್ಕೆ ದಪ್ಪವಾಗುತ್ತದೆ, ಹೊಲಿಗೆಯ ಉದ್ದಕ್ಕೂ ತೂತು ಬಿಡುತ್ತದೆ. ಡಬ್ಬಿಯಲ್ಲಿ ಹುಡುಕಿ 14ನೇದು ಹಾಕಿದೆ. ಎರಡು ಪದರ, ಅಡ್ಡಕ್ಕೆ ಮೂರು ನೆರಿಗೆ. ಎಲಾಸ್ಟಿಕ್ ತರೋಣ ಅಂದರೆ ಅಂಗಡಿಗಳೆಲ್ಲ ಮುಚ್ಚಿದ್ದವು. ಅದೇ ಬಟ್ಟೆಯಲ್ಲಿ ಲಾಡಿ ಹೊಲಿದು ನಾಲ್ಕು ಮೂಲೆಗೆ ಹಚ್ಚಿದೆ. ಲಾಡಿ ತಿರುವಿ ಹೊರಳಿಸುವ ಕೆಲಸ ಅತ್ತೆಯದು. ಓಣಿಯವರಿಗೆಲ್ಲ ಕೊಟ್ಟೆವು. ತರಕಾರಿ ಗಾಡಿಯ ಅಣ್ಣ ದುಡ್ಡು ಬೇಡ ಅಂದರೂ ಕೇಳದೆ ಬದನೆಕಾಯಿ, ಪುಂಡಿಸೊಪ್ಪು ಇಟ್ಟು ಹೋದ.

ದುಡ್ಡಿನ ವಿಷಯ ಜಾಸ್ತಿ ಬರೆಯಲ್ಲ. ರೇಷನ್ ಅಕ್ಕಿ ಬಂತು. ನನ್ನ ಜನಧನ್ ಖಾತೆಗೆ ತಿಂಗಳಿಗೆ 500 ರೂಪಾಯಿ ಬಂತು. ಮೇ 6ರಂದು ಸರ್ಕಾರ ಆಟೋದವರಿಗೆ 5,000 ರೂಪಾಯಿ ಅಂತ ಹೇಳಿತು, ಸರ್ಕಾರದ ಸೇವಾಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದ್ದೇವೆ. ಅಗಸರು, ಕ್ಷೌರಿಕರು, ನೇಕಾರರು ಎಲ್ಲಾ ಆ ದಿನದ ನೆರವಿನ ಪಟ್ಟಿಯಲ್ಲಿದ್ದರು. ಇರಲೇಬೇಕು. ಆದರೆ ಪೀಸಿಗೆ ಇಷ್ಟು ಅಂತ ಮನೆಯಲ್ಲಿ ಕೂತು ಹೊಲಿಯುವ ನಮ್ಮಂಥ ಹೆಂಗಸರು ಅದರಲ್ಲಿ ಇಲ್ಲ. ಬಳ್ಳಾರಿಯ ಓಣಿ ಓಣಿಯಲ್ಲೂ ಇಂಥವರಿದ್ದಾರೆ. ನಮ್ಮನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈ ಮಾತು ಓದಿದವರು ಯಾರಾದರೂ ಮುಂದೆ ಮುಟ್ಟಿಸಿದರೆ ಒಳ್ಳೆಯದು.

ಈಗ ಗಂಟುಗಳು ಮತ್ತೆ ಬರುತ್ತಿವೆ, ಮೊದಲಿನಷ್ಟಿಲ್ಲ. ಆಟೋ ಹೊರಟಿದೆ, ಹತ್ತುವವರು ಕಮ್ಮಿ. ಗೋಡೆಯ ಮೇಲಿನ ಕಾಗದ ಹಾಗೇ ಇದೆ. ನಿನ್ನೆ ಒಂದು ಅರ್ಜೆಂಟ್ ಲಾಟ್ ಬಂತು, ಮಧ್ಯಾಹ್ನವೂ ಹೊಲಿದರೆ ಮಾತ್ರ ಮುಗಿಯುತ್ತದೆ. ಶನಿವಾರ ಗಣಿತ ಮುಗಿದ ಮೇಲೆ ನನ್ನ ಹೊತ್ತನ್ನೂ ತಗೋ ಅಮ್ಮ ಅಂದಳು ಮಗಳು. ಸೋಮವಾರ ವಿಜ್ಞಾನ ಇದೆ, ಆಮೇಲೆ ಸಮಾಜ ಇದೆ. ನಾನು ಒಪ್ಪಲಿಲ್ಲ. ಅರ್ಧ ಲಾಟನ್ನು ಹಿಂದಿನ ಓಣಿಯ ಅಕ್ಕನಿಗೆ ಕೊಟ್ಟು ಬಂದೆ.