ಹೊಸ ಆಯಿಲ್ ಇಷ್ಟು ಬೇಗ ಏಕೆ ಕಪ್ಪಾಗುತ್ತದೆ?

ಬಳ್ಳಾರಿ, ಸಂಡೂರು, ತೋರಣಗಲ್ಲು ಭಾಗದಲ್ಲಿ ಅದಿರು ಸಾಗಿಸುವ ಟಿಪ್ಪರ್ ಮತ್ತು ಲಾರಿಗಳಿಗೆ ಆಯಿಲ್ ಬದಲಿಸುವುದು, ಫಿಲ್ಟರ್ ಹಾಕುವುದು, ಗ್ರೀಸ್ ಹೊಡೆಯುವುದು ನನ್ನ ಕೆಲಸ. ಸರ್ವಿಸ್ ಮುಗಿದ ಕೆಲವೇ ದಿನಗಳಲ್ಲಿ ಗೇಜ್ ಕಡ್ಡಿಯನ್ನು ಎಳೆದು ನೋಡುವ ಮಾಲೀಕರು ಕೇಳುವ ಪ್ರಶ್ನೆ ಬಹುತೇಕ ಒಂದೇ: "ಏನ್ರೀ ಮೇಸ್ತ್ರಿ, ಆಯಿಲ್ ಆಗಲೇ ಕರ್ರಗಾಗೈತಲ್ಲ, ಒಳ್ಳೇದು ಹಾಕೀರೋ ಇಲ್ಲೋ?"

ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಪೂರ್ತಿ ಉರಿಯದೆ ಉಳಿದ ಡೀಸೆಲ್‌ನ ಮಸಿ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಆ ಕಣಗಳು ಆಯಿಲ್ ಫಿಲ್ಟರ್ ಹಿಡಿಯಲಾಗದಷ್ಟು ಸಣ್ಣವು. ಅವು ಒಂದಕ್ಕೊಂದು ಅಂಟಿ ಗಸಿಯಾಗದಂತೆ ಬಿಡಿಬಿಡಿಯಾಗಿ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳನ್ನು ಆಯಿಲ್‌ನಲ್ಲಿ ಬೆರೆಸಿರುತ್ತಾರೆ. ಬಟ್ಟೆ ಒಗೆದ ನೀರು ಕೊಳೆಯಾಯಿತೆಂದು ಯಾರೂ ಸೋಪನ್ನು ಬೈಯುವುದಿಲ್ಲ. ಇದಲ್ಲದೆ, ಎಷ್ಟು ಹೊತ್ತು ಸೋರಲು ಬಿಟ್ಟರೂ ಹಳೆಯ ಆಯಿಲ್ ಸ್ವಲ್ಪವಾದರೂ ಎಂಜಿನ್ನಿನ ಸಂದಿಗೊಂದಿಗಳಲ್ಲಿ ಉಳಿದಿರುತ್ತದೆ. ಎಂಜಿನ್ ಶುರುವಾದೊಡನೆ ಅದು ಹೊಸ ಆಯಿಲ್‌ನೊಂದಿಗೆ ಬೆರೆಯುತ್ತದೆ.

ನಮ್ಮ ಭಾಗದಲ್ಲಿ ಭಯಪಡಬೇಕಾದದ್ದು ಕಪ್ಪು ಬಣ್ಣಕ್ಕಲ್ಲ, ಕೆಂಪು ಧೂಳಿಗೆ. ಸಂಡೂರಿನ ಗಣಿಗಳ ಕಬ್ಬಿಣದ ಅದಿರು ಮುಖ್ಯವಾಗಿ ಹೆಮಟೈಟ್ ಎಂಬ ಖನಿಜ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಮಾಪಕದಲ್ಲಿ ಅದರ ಗಡಸುತನ ಸುಮಾರು 5.5ರಿಂದ 6.5, ಅಂದರೆ ಸಾಮಾನ್ಯ ಚಾಕುವಿನ ಉಕ್ಕಿಗೆ ಸಮ ಅಥವಾ ಅದಕ್ಕಿಂತ ಹೆಚ್ಚು. ಈ ಧೂಳು ಗಾಳಿಯ ಜೊತೆ ಒಳಹೊಕ್ಕರೆ ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಮತ್ತು ರಿಂಗ್‌ಗಳನ್ನು ಸವೆಸುತ್ತದೆ, ಬಳಿಕ ಆಯಿಲ್‌ಗೆ ಸೇರಿ ಬೇರಿಂಗ್‌ಗಳನ್ನೂ ಬಿಡುವುದಿಲ್ಲ. ಅದು ಬರುವ ದಾರಿ ಹೆಚ್ಚಾಗಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರ್. ಎಷ್ಟೋ ಚಾಲಕರು ಫಿಲ್ಟರನ್ನು ಟೈರಿಗೆ ಬಡಿದು, ಜೋರಾಗಿ ಗಾಳಿ ಹೊಡೆದು ಮತ್ತೆ ಕೂರಿಸುತ್ತಾರೆ. ಬಡಿದಾಗ ಅದರ ಅಂಚು ಸೊಟ್ಟಗಾಗುತ್ತದೆ, ಗಾಳಿಯ ರಭಸಕ್ಕೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಎರಡು ಫಿಲ್ಟರ್ ಇರುವ ಗಾಡಿಗಳಲ್ಲಿ ಒಳಗಿನ ಸೇಫ್ಟಿ ಫಿಲ್ಟರನ್ನು ಗಾಳಿ ಹೊಡೆದು ತೊಳೆದು ಬಳಸಲೇಬಾರದು, ಬದಲಿಸಬೇಕು.

ಆದ್ದರಿಂದ ಪ್ರಶ್ನೆ ಕೇಳಿದವರನ್ನು ನಾನು ಗಾಡಿಯ ಬಳಿಗೇ ಕರೆದೊಯ್ಯುತ್ತೇನೆ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಬಿಚ್ಚಿ, ಒಳಗೆ ಬಿಳಿ ಬಟ್ಟೆಯಿಂದ ಒರೆಸುತ್ತೇನೆ. ಬಟ್ಟೆಗೆ ಕೆಂಪು ಹತ್ತಿದರೆ ಫಿಲ್ಟರ್ ಹರಿದಿದೆ, ಇಲ್ಲವೇ ಕ್ಲಿಪ್ ಸಡಿಲವಾಗಿದೆ ಎಂದು ಅವರಿಗೇ ತಿಳಿಯುತ್ತದೆ. ಹಳೆಯ ಆಯಿಲ್ ಹೊರಬಿಡಲು ಬಿಚ್ಚುವ, ಅಯಸ್ಕಾಂತವಿರುವ ಡ್ರೈನ್ ಪ್ಲಗ್ ಕೂಡ ಒಂದು ವಿಷಯ ಹೇಳುತ್ತದೆ. ಹೆಮಟೈಟ್ ಅಯಸ್ಕಾಂತಕ್ಕೆ ಬಹಳ ದುರ್ಬಲವಾಗಿ ಸ್ಪಂದಿಸುವುದರಿಂದ ಪ್ಲಗ್‌ಗೆ ಹತ್ತಿದ್ದು ಬಹುಮಟ್ಟಿಗೆ ಎಂಜಿನ್ನಿನದೇ ಉಕ್ಕು. ತೆಳುವಾದ ಬೂದು ಲೇಪವಿದ್ದರೆ ಚಿಂತೆಯಿಲ್ಲ. ಚೂರುಗಳು ಸಿಕ್ಕರೆ ಗಾಡಿ ಓಡಿಸಬಾರದು.

ಆಯಿಲ್ ಯಾವಾಗ ಬದಲಿಸಬೇಕೆಂಬುದನ್ನು ಕಿಲೋಮೀಟರ್ ಒಂದರಿಂದಲೇ ತೀರ್ಮಾನಿಸುವುದು ನಮ್ಮ ಟಿಪ್ಪರ್‌ಗಳಿಗೆ ಸರಿಯಾಗದು. ಲೋಡಿಂಗ್ ಸಾಲಿನಲ್ಲಿ, ವೇಬ್ರಿಜ್ ಮುಂದೆ ಎಂಜಿನ್ ಚಾಲೂ ಇಟ್ಟುಕೊಂಡು ಗಂಟೆಗಟ್ಟಲೆ ನಿಂತಾಗ ಮೀಟರ್ ಒಂದು ಅಂಕಿಯೂ ಓಡುವುದಿಲ್ಲ, ಆದರೆ ಮಸಿ ಸೇರುತ್ತಲೇ ಇರುತ್ತದೆ. ಆದುದರಿಂದ ಗಾಡಿಯ ಕೈಪಿಡಿಯಲ್ಲಿ ಧೂಳು ಮತ್ತು ಭಾರದ ಕೆಲಸಕ್ಕೆಂದು ಬೇರೆಯಾಗಿ ಕೊಟ್ಟ ಅವಧಿಯನ್ನು, ಇದ್ದರೆ ಎಂಜಿನ್ ಗಂಟೆಗಳ ಲೆಕ್ಕವನ್ನೇ ಪಾಲಿಸಿರೆಂದು ನಾನು ಒತ್ತಿ ಹೇಳುತ್ತೇನೆ.

ಬಣ್ಣಕ್ಕಿಂತ ನಂಬಬಹುದಾದ ಗುರುತುಗಳಿವೆ. ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ ಹೆಚ್ಚಾಗಿ ಇಂಜೆಕ್ಟರ್ ಅಥವಾ ಪಂಪಿನಿಂದ ಡೀಸೆಲ್ ಸೋರಿ ಆಯಿಲ್ ತೆಳುವಾಗಿದೆ. ಹಾಲು ಬೆರೆತಂತೆ ಬೆಳ್ಳಗಾದರೆ ನೀರು ಅಥವಾ ಕೂಲಂಟ್ ಸೇರಿದೆ. ಆಗ ಎಂಜಿನ್ ಶುರು ಮಾಡದೆ ನನಗೆ ಫೋನ್ ಮಾಡಿ. ಇನ್ನು 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಗಾಡಿಯಾಗಿದ್ದು, ಅದರ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಅಗ್ಗವೆಂದು ಹಳೆಯ ದರ್ಜೆಯ ಆಯಿಲ್ ತರಬೇಡಿ. ಅಂಥ ಆಯಿಲ್ ಉರಿದು ಉಳಿಯುವ ಬೂದಿ ಆ ಫಿಲ್ಟರನ್ನು ಮುಚ್ಚಿಹಾಕುತ್ತದೆ. ಡಬ್ಬಿಯ ಮೇಲೆ ಆಯಿಲ್ ದರ್ಜೆ ಸಿಕೆ-4 (CK-4) ಎಂದಿದೆಯೇ, ಇಲ್ಲವೇ ನಿಮ್ಮ ಕೈಪಿಡಿ ಹೇಳಿದ ದರ್ಜೆಯೇ ಇದೆಯೇ ಎಂದು ನೋಡಿಕೊಂಡು ತನ್ನಿ.