ಅರ್ಥಗಾರಿಕೆಯ ಅಭ್ಯಾಸ: ಎಡಿಎಚ್‌ಡಿ ಇರುವ ಹುಡುಗನೊಂದಿಗೆ ಒಂದು ಮಳೆಗಾಲ

ಜೂನ್

ತುಳುನಾಡಿನ ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪವಿರುವ ನಮ್ಮ ಮನೆಯ ಚಾವಡಿಯಲ್ಲಿ ಎಂದಿನಂತೆ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕುಳಿತು ಹಾಡು ಮತ್ತು ಮಾತಿನಲ್ಲೇ ನಡೆಸುವ ಯಕ್ಷಗಾನದ) ಅಭ್ಯಾಸ ಆರಂಭವಾಗಿದೆ. ಈ ವರ್ಷ ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಸೋದರಳಿಯನೂ ಅರ್ಥ, ಅಂದರೆ ಪಾತ್ರದ ಮಾತು, ಹೇಳಲು ಕುಳಿತಿದ್ದಾನೆ. ಅವನಿಗೆ ಎಡಿಎಚ್‌ಡಿ (ಗಮನವನ್ನೂ ಆವೇಗವನ್ನೂ ಹಿಡಿತದಲ್ಲಿಡಲು ಕಷ್ಟವಾಗುವ ಸ್ಥಿತಿ) ಇರುವುದನ್ನು ವೈದ್ಯರು ಕೆಲವು ವರ್ಷಗಳ ಹಿಂದೆ ಗುರುತಿಸಿದರು. ಔಷಧದಿಂದ ಓದು ಒಂದು ಹದಕ್ಕೆ ಬಂದಿದೆ, ಆದರೆ ಸ್ನೇಹಗಳು ಉಳಿಯುತ್ತಿಲ್ಲ. ಇತರರ ಮಾತು ಮುಗಿಯುವ ಮೊದಲೇ ನುಗ್ಗುತ್ತಾನೆ, ಸಣ್ಣ ಕೀಟಲೆಗೂ ಸಿಡಿದೇಳುತ್ತಾನೆ. ಹಾಗಾಗಿ ಆಟದ ಗುಂಪುಗಳು ಅವನನ್ನು ಮೆಲ್ಲನೆ ಹೊರಗಿಡುತ್ತಿವೆ.

ನಡುವೆ ಬಾಯಿ ಹಾಕಬಾರದೆಂದು ಅವನಿಗೆ ಚೆನ್ನಾಗಿ ತಿಳಿದಿದೆ. ಕೇಳಿದರೆ ನಿಯಮಗಳನ್ನೆಲ್ಲ ಒಪ್ಪಿಸುತ್ತಾನೆ. ತಿಳಿದದ್ದು ಬೇಕಾದ ಗಳಿಗೆಯಲ್ಲಿ ಕೈಗೂಡದಿರುವುದೇ ಎಡಿಎಚ್‌ಡಿಯ ತೊಡಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಎಡಿಎಚ್‌ಡಿ ಇರುವ 5ರಿಂದ 18 ವರ್ಷದವರಿಗೆ ನೀಡುವ ಸಾಮಾಜಿಕ ಕೌಶಲ ತರಬೇತಿಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿದ ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಕೊಕ್ರೇನ್ ಸಂಸ್ಥೆಯ 2019ರ ವರದಿಯೂ ಅಂತಹ ತರಬೇತಿಯಿಂದ ಪ್ರಯೋಜನವಾಗುತ್ತದೆ ಎನ್ನಲು ಸಾಕಷ್ಟು ಆಧಾರ ಕಾಣಲಿಲ್ಲ. ಆದುದರಿಂದ ಇನ್ನೊಂದು ಉಪದೇಶದ ಬದಲು, ಮಾತು ನಿಜವಾಗಿ ನಡೆಯುವ ಸ್ಥಳದಲ್ಲಿಯೇ, ಅವನಿಗೆ ಮೊದಲೇ ಪ್ರೀತಿಯಿರುವ ಕಲೆಯ ಮೂಲಕ ಅಭ್ಯಾಸ ಮಾಡಿಸಬೇಕೆಂದು ನಿರ್ಧರಿಸಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದ ಹುಡುಗನಿಗೆ ಇದಕ್ಕಿಂತ ಸಹಜವಾದ ಪಾಠಶಾಲೆ ನನಗೆ ಹೊಳೆಯಲಿಲ್ಲ.

ಜುಲೈ

ಅಂಗದನು ರಾಯಭಾರಿಯಾಗಿ ರಾವಣನ ಸಭೆಗೆ ಬರುವ ಸಂದರ್ಭವನ್ನು ಆಯ್ದುಕೊಂಡಿದ್ದೇವೆ. ಅವನು ಅಂಗದ, ನಾನು ರಾವಣ. ತಾಳಮದ್ದಳೆಯಲ್ಲಿ ಮಾತಿನ ಸರದಿ ಕಿವಿಗೆ ಕೇಳಿಸುತ್ತದೆ: ಹಾಡುಗಾರರಾದ ಭಾಗವತರು ಪದ (ಹಾಡು) ಹಾಡುವಾಗ ಅರ್ಥಧಾರಿ ಬಾಯಿ ತೆರೆಯುವಂತಿಲ್ಲ, ಪದ ನಿಂತ ಮೇಲೆ ಯಾರು ಮಾತನಾಡಬೇಕೆಂಬುದೂ ಆ ಪದದಿಂದಲೇ ಗೊತ್ತಾಗುತ್ತದೆ. ಸಾಮಾನ್ಯ ಹರಟೆಯಲ್ಲಿ ಇಂತಹ ಗುರುತುಗಳು ಮುಖಭಾವದಲ್ಲಿ, ಉಸಿರಿನ ಬಿಡುವಿನಲ್ಲಿ ಅಡಗಿರುವುದರಿಂದ ಅವನಿಗೆ ತಪ್ಪಿಹೋಗುತ್ತವೆ. ಇಲ್ಲಿ ಮದ್ದಳೆಯ ನುಡಿತವೇ ಅವನನ್ನು ತಡೆಯುತ್ತದೆ, ಅದೇ ಅವನನ್ನು ಕರೆಯುತ್ತದೆ.

ಪದದ ನಡುವೆ ಅವನು ಸುಮ್ಮನಿರುವುದು ಬೇಗನೆ ಸಾಧ್ಯವಾಯಿತು. ನನ್ನ ಅರ್ಥದ ನಡುವೆ ಮಾತ್ರ ಸಾಧ್ಯವಾಗಲಿಲ್ಲ. ಕಾರಣವನ್ನು ವಿಚಾರಿಸಿದಾಗ ಅವನು, “ಮಾವ, ಆಗಲೇ ಹೇಳದಿದ್ದರೆ ನನಗೆ ಮರೆತೇ ಹೋಗ್ತದೆ” ಎಂದ. ದೊಡ್ಡವರು ಸೊಕ್ಕೆಂದು ತಿಳಿಯುವ ನಡತೆಯ ಹಿಂದೆ, ಹೊಳೆದ ವಿಚಾರ ಕೈಜಾರಿ ಹೋದೀತೆಂಬ ಹೆದರಿಕೆಯಿದೆ. ಒಂದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಇನ್ನೊಂದನ್ನು ಕೇಳುವ ಶಕ್ತಿ ಎಡಿಎಚ್‌ಡಿಯಲ್ಲಿ ಅನೇಕರಿಗೆ ಕಡಿಮೆಯಿರುತ್ತದೆ. ಈಗ ಅವನ ಮುಂದೆ ಚೀಟಿ ಮತ್ತು ಪೆನ್ಸಿಲ್ ಇರುತ್ತವೆ. ಹೊಳೆದದ್ದನ್ನು ಒಂದೇ ಶಬ್ದದಲ್ಲಿ ಗೀಚಿಕೊಳ್ಳುತ್ತಾನೆ, ಬಳಿಕ ನನ್ನ ಮಾತಿನ ಕೊನೆಯ ವಾದವನ್ನು ತನ್ನ ಮಾತಿನಲ್ಲಿ ಎತ್ತಿ ಹೇಳಿಯೇ ಉತ್ತರ ಆರಂಭಿಸುತ್ತಾನೆ. ಒಳ್ಳೆಯ ಎದುರು ಅರ್ಥಧಾರಿಗಳೆಲ್ಲ ಪಾಲಿಸುವ ಮರ್ಯಾದೆಯಿದು.

ಬೆಳಗಿನ ಔಷಧವಾದ ಮೀಥೈಲ್‌ಫೆನಿಡೇಟ್ ಮಾತ್ರೆಯ ಪ್ರಭಾವ ಸಂಜೆಗೆ ಇಳಿದಿರುವುದರಿಂದ, ಅಭ್ಯಾಸವನ್ನು ಭಾನುವಾರ ಬೆಳಗ್ಗೆಗೆ ಬದಲಿಸಿದ್ದೇವೆ.

ಆಗಸ್ಟ್

“ತಂದೆಯನ್ನು ಕೊಂದವನ ದೂತನಾಗಿ ಬಂದೆಯಲ್ಲ” ಎಂದು ರಾವಣ ಅಂಗದನನ್ನು ಕೆಣಕುವ ಭಾಗ ಬಂದಿದೆ. ನಾನು ಇದಕ್ಕಾಗಿಯೇ ಕಾದಿದ್ದೆ. ಮೊದಲ ಸಲ ಅವನ ಮುಖ ಕೆಂಪಾಗಿ ಅಂಗದನ ಭಾಷೆ ಹೋಗಿ ಜಗಳದ ಭಾಷೆ ಬಂದಿತು. ಆಗ ಭಾಗವತರು ಮುಂದಿನ ಪದವನ್ನು ಎತ್ತಿಕೊಂಡು ಅವನಿಗೆ ಸಮಯ ಒದಗಿಸಿದರು. ಸಭೆಯ ಎದುರು ತಿದ್ದುವ ಕ್ರಮವನ್ನು ನಾವು ಇಟ್ಟುಕೊಂಡಿಲ್ಲ. ಈ ವಯಸ್ಸಿನ ಮಕ್ಕಳು ನಾಚಿಕೆಯನ್ನು ಮರೆಯುವುದಿಲ್ಲ. ಅವನೇ ಆರಿಸಿದ ಒಂದು ಸನ್ನೆಯಿದೆ: ನಾನು ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟರೆ ‘ಒಂದು ಉಸಿರು’ ಎಂದರ್ಥ.

ಇದನ್ನು ಹಲವು ವಾರ ಮತ್ತೆ ಮತ್ತೆ ಆಡಿದೆವು. ಕೆಣಕುವ ಮಾತಿಗೆ ಸಿಟ್ಟು ಬರುವುದು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಅಂಗದನಿಗೂ ಸಿಟ್ಟು ಬಂದಿತ್ತು. ಸಿಟ್ಟಿಗೂ ಉತ್ತರಕ್ಕೂ ನಡುವೆ ಸ್ವಲ್ಪ ಅಂತರ ಮೂಡಿದೆ, ಆ ಅಂತರದಲ್ಲಿ ಅವನು ಯೋಚಿಸುತ್ತಿದ್ದಾನೆ. ಕಳೆದ ವಾರ ತಾನಾಗಿ ಕಟ್ಟಿದ ವಾದದಿಂದ, ತಂದೆ ಸಾಯುವಾಗ ತನ್ನನ್ನು ಯಾರ ಕೈಗೆ ಒಪ್ಪಿಸಿದನೆಂದು ನೆನಪಿಸಿ, ರಾವಣನಾಗಿದ್ದ ನನ್ನನ್ನು ನಿರುತ್ತರಗೊಳಿಸಿದ. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಸೆಪ್ಟೆಂಬರ್

ಚಾವಡಿಯ ಹೊರಗೆ ಪ್ರಗತಿ ನಿಧಾನ. ಬಸ್ ನಿಲ್ದಾಣದಲ್ಲಿ ಕನ್ನಡ, ತುಳು, ಮಲಯಾಳಂ ಬೆರೆತು ನಾಲ್ಕಾರು ಮಂದಿ ಒಟ್ಟಿಗೆ ಮಾತನಾಡುವಾಗ ಅವನ ಸರದಿ ಈಗಲೂ ತಪ್ಪುತ್ತದೆ. ಅಲ್ಲಿ ಮದ್ದಳೆಯಿಲ್ಲ, ಚೀಟಿ ತೆಗೆಯಲು ನಾಚಿಕೆ. ಒಬ್ಬನೇ ಗೆಳೆಯನೊಂದಿಗೆ ಇರುವಾಗ ಮಾತ್ರ, ಆ ಗೆಳೆಯ ಹೇಳಿದ್ದನ್ನು ಎತ್ತಿಕೊಂಡು ಮುಂದುವರಿಸುವ ಅಭ್ಯಾಸ ಬಂದಿದೆಯೆಂದು ಅವನ ತಾಯಿ ಗಮನಿಸಿದ್ದಾಳೆ. ದೊಡ್ಡ ಗುಂಪನ್ನು ಸದ್ಯಕ್ಕೆ ಬಿಟ್ಟು ಇಬ್ಬರ, ಮೂವರ ಒಡನಾಟವನ್ನೇ ಬೆಳೆಸುವುದು ಸರಿಯೆಂದು ನನ್ನ ಅಭಿಪ್ರಾಯ.

ಮುಂದಿನ ತಿಂಗಳು ಪಾತ್ರಗಳು ಬದಲಾಗುತ್ತವೆ. ಸಹಪಾಠಿಯೊಬ್ಬ ಅಂಗದನ ಅರ್ಥ ಹೇಳಲು ಒಪ್ಪಿದ್ದಾನೆ, ಆಹ್ವಾನಿಸಿದವನು ನನ್ನ ಅಳಿಯನೇ. ತಾನು ಕೆಣಕಿದ ಮಾತು ಎದುರಿನವನಿಗೆ ಎಲ್ಲಿ ತಾಗಿತು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ರಾವಣನ ಸ್ಥಾನದಲ್ಲಿ ಕುಳಿತು ಗಮನಿಸುವುದು ಅವನ ಮುಂದಿನ ಕೆಲಸ. ರಾವಣನ ಪದಗಳನ್ನು ದೊಡ್ಡ ಅಕ್ಷರದಲ್ಲಿ, ಪುಟಕ್ಕೆ ಒಂದರಂತೆ ಬರೆದುಕೊಡುವುದು ನನ್ನ ಪಾಲಿಗೆ ಉಳಿದಿದೆ.